ನಾಲ್ಕು ವಿಜ್ಞಾನಗಳಿಗೆ ಒಂದೇ ಅಳತೆಗೋಲು

ಪೌಷ್ಟಿಕ ಆಹಾರದ ಪೂರೈಕೆಯಿಂದ ಕ್ಷಯರೋಗದ ಹರಡುವಿಕೆ ಶೇಕಡ 39ರಷ್ಟು ತಗ್ಗಿತು. ನೆರೆಯಲ್ಲಿ ಮುಳುಗಿದ ಗದ್ದೆಯಲ್ಲಿಯೂ ಹೊಸ ಭತ್ತದ ತಳಿಯೊಂದು ಶೇಕಡ 45ರಷ್ಟು ಅಧಿಕ ಇಳುವರಿ ನೀಡಿತು. ಸಾಧಾರಣ ಉಷ್ಣತೆಯಲ್ಲಿಯೇ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಯಬಿಡುವ ಪದಾರ್ಥ ದೊರೆಯಿತು. ನೂರು ಕೋಟಿಗೂ ಮಿಗಿಲಾದ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಒಂದಾದವು. ಇಂತಹ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ, ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಕೇಳುತ್ತೇವೆ. ಮೊದಲನೆಯದು ವೈದ್ಯಕೀಯ ಕ್ಷೇತ್ರಕ್ಕೆ, ಎರಡನೆಯದು ಕೃಷಿಗೆ, ಮೂರನೆಯದು ವಸ್ತು ವಿಜ್ಞಾನಕ್ಕೆ, ನಾಲ್ಕನೆಯದು ಭೌತ ವಿಜ್ಞಾನಕ್ಕೆ ಸೇರಿದ್ದು. ಇವುಗಳಲ್ಲಿ ಮೂರು ಪರೀಕ್ಷೆಯಲ್ಲಿ ನಿಂತವು, ಒಂದು ನಿಲ್ಲಲಿಲ್ಲ.

ಈ ನಾಲ್ಕು ಕ್ಷೇತ್ರಗಳ ವಿಜ್ಞಾನಿಗಳು ಬಳಸುವ ಉಪಕರಣಗಳು ಬೇರೆ, ಭಾಷೆ ಬೇರೆ, ದುಡಿಯುವ ಸ್ಥಳಗಳು ಬೇರೆ. ಆದರೆ ಒಂದು ಪ್ರಶ್ನೆಗೆ ಅವರೆಲ್ಲರೂ ಉತ್ತರ ಹೇಳಲೇಬೇಕು. ದೊರೆತ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಶಾಸ್ತ್ರವೇ ಸಂಖ್ಯಾಶಾಸ್ತ್ರ. ಈ ಶಾಸ್ತ್ರದ ಮೂಲ ಸೂತ್ರಗಳಲ್ಲಿ ಕೆಲವನ್ನು ಜಗತ್ತಿಗೆ ನೀಡಿದವರು ಕರ್ನಾಟಕದ ಹೂವಿನಹಡಗಲಿಯಲ್ಲಿ ಜನಿಸಿ, ಆಂಧ್ರದ ವಿಶಾಖಪಟ್ಟಣದಲ್ಲಿ ಗಣಿತವನ್ನು ಅಭ್ಯಾಸ ಮಾಡಿದ ಡಾ. ಕಲ್ಯಂಪುಡಿ ರಾಧಾಕೃಷ್ಣ ರಾವ್. ವಿಜ್ಞಾನದ ಸುದ್ದಿಯನ್ನು ವಿವೇಕದಿಂದ ಓದಲು ಬಯಸುವ ಪ್ರತಿಯೊಬ್ಬರಿಗೂ ಅವರ ಕೊಡುಗೆಯ ಪರಿಚಯ ಪ್ರಯೋಜನಕಾರಿ.

ಹೂವಿನಹಡಗಲಿಯಿಂದ ವಾಲ್ಟೇರಿಗೆ

ರಾಧಾಕೃಷ್ಣ ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಆ ಊರು ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಂದು ವಿಜಯನಗರ ಜಿಲ್ಲೆಯಲ್ಲಿದೆ. ತಂದೆ ಸಿ. ಡಿ. ನಾಯ್ಡು ಅವರು ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದರು. ಹತ್ತು ಮಕ್ಕಳಲ್ಲಿ ಎಂಟನೆಯವರಾದ ಕಾರಣ, ದೇವಕಿಯ ಎಂಟನೆಯ ಮಗನ ಹೆಸರನ್ನೇ ಇವರಿಗೂ ಇಡಲಾಯಿತು. ತಂದೆಗೆ ವರ್ಗಾವಣೆಯಾದಂತೆಲ್ಲ ಶಾಲೆಯೂ ಬದಲಾಯಿತು. ಗೂಡೂರು, ವಿಜಯವಾಡದ ಆಸುಪಾಸಿನ ನೂಜಿವೀಡು ಮತ್ತು ನಂದಿಗಾಮಗಳಲ್ಲಿ ಓದಿದ ಬಾಲಕ ಕೊನೆಗೆ ಕುಟುಂಬದೊಡನೆ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ. ತಾಯಿ ಲಕ್ಷ್ಮೀಕಾಂತಮ್ಮನವರು ಪ್ರತಿದಿನ ನಸುಕಿನ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿ ಓದಲು ಕೂರಿಸುತ್ತಿದ್ದುದನ್ನು ರಾವ್ ಅವರು ಮುಂದೆ ತಮ್ಮ ಗ್ರಂಥದ ಅರ್ಪಣೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ವಿಶಾಖಪಟ್ಟಣದಲ್ಲಿ ಅವರು ಸೇರಿದ್ದು ಶ್ರೀಮತಿ ಎ. ವಿ. ಎನ್. ಕಾಲೇಜನ್ನು. ಅದಕ್ಕೂ ಹಲವು ದಶಕಗಳ ಹಿಂದೆ, ಅದೇ ಕಾಲೇಜಿನಲ್ಲಿ ತಂದೆ ಉಪನ್ಯಾಸಕರಾಗಿದ್ದಾಗ, ಬಾಲಕ ಚಂದ್ರಶೇಖರ ವೆಂಕಟರಾಮನ್ ಅಲ್ಲಿ ಓದಿದ್ದರು. ಬೆಂಗಳೂರಿನಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಸರ್ ಸಿ. ವಿ. ರಾಮನ್ ಅವರೇ ಇವರು.

ಆಂಧ್ರ ವಿಶ್ವವಿದ್ಯಾಲಯದ ಚರಿತ್ರೆಯೂ ವಿಜಯವಾಡ ಮತ್ತು ವಿಶಾಖಪಟ್ಟಣಗಳೆರಡನ್ನೂ ಬೆಸೆಯುತ್ತದೆ. 1926ರಲ್ಲಿ ಅದು ಸ್ಥಾಪನೆಯಾದದ್ದು ಆಗ ಬೆಜವಾಡ ಎಂದು ಕರೆಯಲಾಗುತ್ತಿದ್ದ ವಿಜಯವಾಡದಲ್ಲಿ, ಡಾ. ಸಿ. ಆರ್. ರೆಡ್ಡಿಯವರು ಅದರ ಮೊದಲ ಕುಲಪತಿ. 1930ರಲ್ಲಿ ವಿಶ್ವವಿದ್ಯಾಲಯವು ವಿಶಾಖಪಟ್ಟಣದ ವಾಲ್ಟೇರಿಗೆ ಸ್ಥಳಾಂತರಗೊಂಡಿತು. ಕಡಲತಡಿಯ ಆ ಹೊಸ ಆವರಣದಲ್ಲಿ ರಾಮನ್ ಅವರ ಶಿಷ್ಯರಾದ ಪ್ರೊ. ಎಸ್. ಭಗವಂತಂ ಅವರು ಸ್ಫಟಿಕಗಳ ಭೌತಶಾಸ್ತ್ರವನ್ನು ಬೆಳೆಸಿದರು. ಇವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಇಂತಹ ವಿಶ್ವವಿದ್ಯಾಲಯದಲ್ಲಿ ರಾವ್ ಅವರು ಗಣಿತದಲ್ಲಿ ಪ್ರಥಮ ದರ್ಜೆಯ ಸ್ನಾತಕೋತ್ತರ ಪದವಿ ಪಡೆದರು.

ಆಗ ಎರಡನೆಯ ಮಹಾಯುದ್ಧದ ಕಾಲ. ಉದ್ಯೋಗವನ್ನು ಅರಸಿ ಕಲ್ಕತ್ತೆಗೆ ಹೋದ ತರುಣನಿಗೆ ಬಯಸಿದ ಕೆಲಸ ಸಿಗಲಿಲ್ಲ. ಬದಲಿಗೆ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪರಿಚಯವಾಯಿತು. 1941ರ ಆರಂಭದಲ್ಲಿ ಅಲ್ಲಿ ತರಬೇತಿಗೆ ಸೇರಿದ ರಾವ್, 1943ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದಲ್ಲಿಯೂ ಸ್ನಾತಕೋತ್ತರ ಪದವಿ ಪಡೆದರು.

ತರಗತಿಯಲ್ಲಿ ಹುಟ್ಟಿದ ಪ್ರಶ್ನೆ

ವ್ಯಾಸಂಗ ಮುಗಿಸಿದ ಕೂಡಲೆ ರಾವ್ ಅವರಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹೊಣೆ ಬಂದಿತು. ಮಾದರಿಗಳ ಸಂಖ್ಯೆ ಬಹಳ ದೊಡ್ಡದಾದಾಗ ಅಂದಾಜಿನ ನಿಖರತೆಗೆ ಒಂದು ಮಿತಿಯಿರುತ್ತದೆ ಎಂಬುದನ್ನು ಬ್ರಿಟನ್ನಿನ ಸರ್ ರೊನಾಲ್ಡ್ ಫಿಶರ್ ಮೊದಲೇ ತೋರಿಸಿದ್ದರು. ಆ ಪಾಠವನ್ನು ಮಾಡುತ್ತಿದ್ದಾಗ, ಮಾದರಿಗಳು ಕೆಲವೇ ಇದ್ದಾಗಲೂ ಇಂತಹ ಮಿತಿಯನ್ನು ತೋರಿಸಬಹುದೇ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಹಾಗೆ ಕೇಳಿದವರು ವಿ. ಎಂ. ದಾಂಡೇಕರ್. ಭಾರತದ ಬಡತನವನ್ನು ಕುರಿತ ಅಧ್ಯಯನದಿಂದ ಮುಂದೆ ಖ್ಯಾತರಾದ ಅರ್ಥಶಾಸ್ತ್ರಜ್ಞ ಅವರೇ. ರಾವ್ ಅವರು ಅಂದು ರಾತ್ರಿಯೇ ಕುಳಿತು ಲೆಕ್ಕ ಬಿಡಿಸಿ, ಮರುದಿನದ ತರಗತಿಯಲ್ಲಿ ಉತ್ತರ ನೀಡಿದರು.

ಈ ಉತ್ತರವು 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಹೆರಾಲ್ಡ್ ಕ್ರಾಮೇರ್ ಅವರೂ ಸ್ವತಂತ್ರವಾಗಿ ಇದೇ ಫಲಿತಾಂಶವನ್ನು ಕಂಡು 1946ರಲ್ಲಿ ಪ್ರಕಟಿಸಿದ್ದರಿಂದ, ಅದು ಕ್ರಾಮೇರ್-ರಾವ್ ಅಸಮತೆ ಎಂದು ಹೆಸರಾಯಿತು. ಒರಟಾದ ಅಂದಾಜನ್ನು ಉತ್ತಮಪಡಿಸುವ ರಾವ್-ಬ್ಲ್ಯಾಕ್‌ವೆಲ್ ಪ್ರಮೇಯವೂ, ಇಂದು ಮಾಹಿತಿ ಜ್ಯಾಮಿತಿ ಎಂದು ಕರೆಯಲಾಗುವ ಶಾಖೆಯ ಬೀಜವೂ ಅದೇ ಲೇಖನದಲ್ಲಿದ್ದವು. ಆಗ ಲೇಖಕರ ವಯಸ್ಸು ಕೇವಲ 25. ಆ ಲೇಖನ ಪ್ರಕಟವಾಗಿ 78 ವರ್ಷಗಳ ನಂತರ, 2023ರಲ್ಲಿ, ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಆಗಸ್ಟ್ 22ರಂದು, ತಮ್ಮ 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಬೀಜದ ಮೊಳಕೆ ಮತ್ತು ಅಳತೆಯ ಮಿತಿ

ಈ ಅಸಮತೆಯ ತಾತ್ಪರ್ಯವನ್ನು ರೈತರಿಗೆ ಪರಿಚಿತವಾದ ಉದಾಹರಣೆಯಿಂದ ತಿಳಿಯಬಹುದು. ಪ್ರಮಾಣಿತ ಭತ್ತದ ಬೀಜದಲ್ಲಿ ಕನಿಷ್ಠ ಶೇಕಡ 80ರಷ್ಟು ಕಾಳುಗಳು ಮೊಳೆಯಬೇಕೆಂಬ ನಿಯಮವಿದೆ. ಚೀಲದಲ್ಲಿರುವ ಎಲ್ಲ ಕಾಳುಗಳನ್ನೂ ಮೊಳಕೆ ಬರಿಸಿ ನೋಡಿದರೆ ಬಿತ್ತಲು ಬೀಜವೇ ಉಳಿಯದು. ಆದುದರಿಂದ ಕೆಲವನ್ನು ಮಾತ್ರ ತೆಗೆದು ಪರೀಕ್ಷಿಸಲಾಗುತ್ತದೆ. 100 ಕಾಳುಗಳಲ್ಲಿ 80 ಮೊಳೆತವು ಎಂದಿಟ್ಟುಕೊಳ್ಳೋಣ. ಚೀಲದ ನಿಜವಾದ ಪ್ರಮಾಣವೂ ಸರಿಯಾಗಿ 80 ಎಂದು ಹೇಳಬಹುದೇ? ಹಾಗೆ ಹೇಳಲಾಗದು. ಅದು ಸುಮಾರು 72ರಿಂದ 88ರ ನಡುವೆ ಇರಬಹುದು ಎಂದಷ್ಟೇ ಹೇಳಬಹುದು. 400 ಕಾಳುಗಳನ್ನು ಪರೀಕ್ಷಿಸಿ 320 ಮೊಳೆತರೆ ಈ ವ್ಯಾಪ್ತಿ 76ರಿಂದ 84ಕ್ಕೆ ಇಳಿಯುತ್ತದೆ. 1,600 ಕಾಳುಗಳಾದರೆ 78ರಿಂದ 82. ಈ ರೀತಿ ವ್ಯಾಪ್ತಿಯನ್ನು ಲೆಕ್ಕ ಹಾಕಿದರೆ, ನೂರು ಪರೀಕ್ಷೆಗಳಲ್ಲಿ ಸುಮಾರು 95ರಲ್ಲಿ ನಿಜವಾದ ಪ್ರಮಾಣವು ಅದರೊಳಗೆ ಬೀಳುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ನಾಲ್ಕರಷ್ಟು ಹೆಚ್ಚಿಸಬೇಕು. ನಿಖರತೆಯು ದುಬಾರಿಯಾದ ವಸ್ತು. ಎರಡನೆಯದು, 100 ಕಾಳುಗಳನ್ನು ಎಣಿಸಿ ದೊರೆತ ಮಾಹಿತಿಯಿಂದ, ಒಂದೇ ಕಡೆಗೆ ವಾಲದ ಯಾವ ಸೂತ್ರವನ್ನು ಬಳಸಿದರೂ ಇದಕ್ಕಿಂತ ನಿಖರವಾದ ಅಂದಾಜು ಸಿಗುವುದಿಲ್ಲ. ಇದನ್ನೇ ಕ್ರಾಮೇರ್-ರಾವ್ ಅಸಮತೆ ಹೇಳುತ್ತದೆ. ಆಲೆಮನೆಯ ಗಾಣ ಎಷ್ಟೇ ಬಿಗಿಯಾಗಿದ್ದರೂ ಕಬ್ಬಿನಲ್ಲಿರುವುದಕ್ಕಿಂತ ಹೆಚ್ಚು ರಸವನ್ನು ಹಿಂಡಲಾರದು. ಕಬ್ಬಿನಲ್ಲಿ ಎಷ್ಟು ರಸವಿದೆ ಎಂಬುದನ್ನು ಕ್ರಾಮೇರ್-ರಾವ್ ಅಸಮತೆ ತಿಳಿಸುತ್ತದೆ. ಗಾಣವನ್ನು ಸರಿಪಡಿಸುವ ಬಗೆಯನ್ನು ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ ತೋರಿಸುತ್ತದೆ. ಮಿತಿ ಎಲ್ಲಿದೆಯೆಂದು ತಿಳಿದ ಸಂಶೋಧಕನು, ತನ್ನ ವಿಧಾನವನ್ನು ಇನ್ನೂ ತಿದ್ದಲು ಅವಕಾಶವಿದೆಯೇ, ಇಲ್ಲವೇ ಹೊಸ ಮಾಹಿತಿಯನ್ನೇ ಸಂಗ್ರಹಿಸಬೇಕೇ ಎಂಬುದನ್ನು ನಿರ್ಧರಿಸಬಲ್ಲ.

ವೈದ್ಯಕೀಯ ಕ್ಷೇತ್ರ: ಅನ್ನವೂ ಔಷಧಿಯೇ?

ಒಂದು ಚಿಕಿತ್ಸೆಯಿಂದ ಗುಣವಾಯಿತೇ, ಅಥವಾ ರೋಗಿ ತಾನಾಗಿಯೇ ಚೇತರಿಸಿಕೊಂಡನೇ ಎಂಬುದನ್ನು ತೀರ್ಮಾನಿಸುವುದು ಸುಲಭವಲ್ಲ. ಇದಕ್ಕಾಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ಹೋಲಿಸುವ ಕ್ರಮವು 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಿಂದ ಪ್ರಸಿದ್ಧಿಗೆ ಬಂದಿತು. ಬ್ರಿಟನ್ನಿನಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಔಷಧಿ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ಮೃತರಾದರೆ, ವಿಶ್ರಾಂತಿಯನ್ನಷ್ಟೇ ಪಡೆದ 52 ರೋಗಿಗಳಲ್ಲಿ 14 ಮಂದಿ ಮೃತರಾದರು. ಅದೇ 1948ರಲ್ಲಿ, ಫಿಶರ್ ಅವರ ಮಾರ್ಗದರ್ಶನದಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ರಾವ್ ಅವರು, ಇಂತಹ ವ್ಯತ್ಯಾಸವು ಆಕಸ್ಮಿಕವೋ ಅಲ್ಲವೋ ಎಂದು ತೂಗಿ ನೋಡಲು ನೆರವಾಗುವ ಹೊಸ ಪರೀಕ್ಷಾ ಸೂತ್ರವೊಂದನ್ನು ಪ್ರಕಟಿಸಿದರು. ಎರಡು ಗುಂಪುಗಳ ರೋಗಿಗಳು ಬದುಕುಳಿದ ಅವಧಿಯನ್ನು ಹೋಲಿಸಲು ಜಗತ್ತಿನೆಲ್ಲೆಡೆ ಈಗ ಬಳಕೆಯಲ್ಲಿರುವ ವಿಧಾನವು ಇದೇ ವರ್ಗಕ್ಕೆ ಸೇರಿದ್ದು.

ಕ್ಷಯರೋಗದ ವಿಷಯದಲ್ಲಿಯೇ ನಮ್ಮ ದೇಶದ ಇತ್ತೀಚಿನ ಅಧ್ಯಯನವೊಂದು ಗಮನಾರ್ಹವಾದುದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು, ಚೆನ್ನೈಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಮತ್ತು ಇತರರ ಸಹಯೋಗದೊಡನೆ, ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಕೈಗೊಂಡರು. 2,800 ರೋಗಿಗಳ ಮನೆಗಳಲ್ಲಿದ್ದ 10,345 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ರೋಗಿಗಳೆಲ್ಲರಿಗೂ ಆಹಾರ ಸಾಮಗ್ರಿ ದೊರೆಯಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಇತರ ಸದಸ್ಯರಿಗೂ ತಿಂಗಳಿಗೆ ತಲಾ 5 ಕಿಲೋಗ್ರಾಂ ಅಕ್ಕಿ, ಒಂದೂವರೆ ಕಿಲೋಗ್ರಾಂ ಬೇಳೆ ಹಾಗೂ ಜೀವಸತ್ವದ ಗುಳಿಗೆಗಳನ್ನು ನೀಡಲಾಯಿತು. ಹೀಗೆ ಆಹಾರ ಪಡೆದ 5,621 ಮಂದಿಯಲ್ಲಿ 96 ಜನರಿಗೂ, ಪಡೆಯದ 4,724 ಮಂದಿಯಲ್ಲಿ 122 ಜನರಿಗೂ ಮುಂದೆ ಕ್ಷಯ ತಗುಲಿತು. ಇತರ ಅಂಶಗಳನ್ನೂ ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕಿದಾಗ, ರೋಗ ತಗಲುವ ಪ್ರಮಾಣ ಶೇಕಡ 39ರಷ್ಟು ಕಡಿಮೆಯಾದುದು ಕಂಡುಬಂದಿತು. 2023ರ ಆಗಸ್ಟ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೆ 39 ಎಂಬುದು ಆ ಫಲಿತಾಂಶದ ಒಂದು ಭಾಗ ಮಾತ್ರ. ಅದರ ಜೊತೆಗೇ, ಇಳಿಕೆಯ ಪ್ರಮಾಣವು ಶೇಕಡ 15ರಿಂದ 57ರವರೆಗಿನ ವ್ಯಾಪ್ತಿಯಲ್ಲಿ ಇರಬಹುದೆಂದೂ ಸಂಶೋಧಕರು ತಿಳಿಸಿದ್ದಾರೆ. ವ್ಯಾಪ್ತಿ ದೊಡ್ಡದು, ಆದರೂ ಅದರ ಕೆಳಗಿನ ಅಂಚು ಸೊನ್ನೆಯನ್ನು ಮುಟ್ಟುವುದಿಲ್ಲ. ಆಹಾರದಿಂದ ಪ್ರಯೋಜನವಾಗಿದೆ ಎಂಬುದು ಇದರಿಂದ ದೃಢವಾಗುತ್ತದೆ. ಎಷ್ಟು ಎಂಬ ಬಗ್ಗೆ ಮಾತ್ರ ಅನಿಶ್ಚಿತತೆ ಉಳಿಯುತ್ತದೆ. ಕ್ಷಯರೋಗಿಗಳ ಪೋಷಣೆಗಾಗಿ ಕೇಂದ್ರ ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುತ್ತಿದ್ದ ಮಾಸಿಕ ನೆರವನ್ನು 2024ರ ನವೆಂಬರ್‌ನಿಂದ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಿತು.

ಕೃಷಿ: ಮುಳುಗಿದರೂ ಉಳಿಯುವ ಭತ್ತ

ವಿಜಯವಾಡದ ಸುತ್ತಲಿನ ಕೃಷ್ಣಾ ಮುಖಜ ಭೂಮಿ ಹಾಗೂ ಅದರ ಪಕ್ಕದ ಗೋದಾವರಿ ಮುಖಜ ಭೂಮಿ ಭತ್ತದ ಕಣಜಗಳು. ಗೋದಾವರಿ ಪ್ರದೇಶದ ಮಾರುಟೇರು ಸಂಶೋಧನಾ ಕೇಂದ್ರದಿಂದ 1982ರಲ್ಲಿ ಬಿಡುಗಡೆಯಾದ ಸ್ವರ್ಣ ತಳಿಯು ಪೂರ್ವ ಭಾರತದ ಲಕ್ಷಾಂತರ ರೈತರ ಮೆಚ್ಚಿನ ಭತ್ತವಾಯಿತು. ಅದಕ್ಕೊಂದು ಕುಂದಿತ್ತು. ವಾರಕ್ಕೂ ಹೆಚ್ಚು ಕಾಲ ನೆರೆಯ ನೀರಿನಲ್ಲಿ ಪೂರ್ಣ ಮುಳುಗಿದರೆ ಪೈರು ಸಾಯುತ್ತಿತ್ತು. ಒಡಿಶಾದ ನಾಡತಳಿಯೊಂದರಲ್ಲಿದ್ದ, ಮುಳುಗಡೆಯನ್ನು ಸಹಿಸುವ ಗುಣವನ್ನು ವಿಜ್ಞಾನಿಗಳು ಸ್ವರ್ಣ ತಳಿಗೆ ಕೂಡಿಸಿದರು. ಹೀಗೆ ರೂಪುಗೊಂಡ ಸ್ವರ್ಣ-ಸಬ್ 1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು.

ಸಂಶೋಧನಾ ಕೇಂದ್ರದ ತಾಕಿನಲ್ಲಿ ಚೆನ್ನಾಗಿ ಬಂದ ಬೆಳೆ ರೈತನ ಹೊಲದಲ್ಲಿಯೂ ಹಾಗೆಯೇ ಬಂದೀತೆಂಬ ಭರವಸೆ ಇರುವುದಿಲ್ಲ. ಒಂದೇ ಹೊಲದಲ್ಲಿಯೂ ಒಂದು ಮೂಲೆಯ ಮಣ್ಣು ಫಲವತ್ತಾಗಿದ್ದು, ಇನ್ನೊಂದು ಮೂಲೆಯದು ಸವಳಾಗಿರಬಹುದು. ಈ ತೊಡಕಿಗೆ ಪರಿಹಾರವಾಗಿಯೇ ಫಿಶರ್ ಅವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿಯ ಮೂಲಕ ನಿರ್ಧರಿಸುವ ಪದ್ಧತಿಯನ್ನು ರೂಪಿಸಿದ್ದರು. ಸ್ವರ್ಣ-ಸಬ್ 1 ತಳಿಯನ್ನು ಇದೇ ತತ್ವದ ಮೇಲೆ ಒಡಿಶಾದ 128 ಹಳ್ಳಿಗಳ ರೈತರ ಹೊಲಗಳಲ್ಲಿ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಹೊಸ ತಳಿಯ ಇಳುವರಿ ಸುಮಾರು ಶೇಕಡ 45ರಷ್ಟು ಅಧಿಕವಾಗಿತ್ತು. ನೆರೆ ಬಾರದ ಗದ್ದೆಗಳಲ್ಲಿ ಇಳುವರಿಗೆ ಯಾವ ನಷ್ಟವೂ ಕಂಡುಬರಲಿಲ್ಲ. ರೈತನಿಗೆ ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯ. ನೆರೆ ಬಂದ ವರ್ಷದ ಲಾಭವು ಬಾರದ ವರ್ಷದ ನಷ್ಟಕ್ಕೆ ಸರಿಹೋದರೆ ಹೊಸ ಬೀಜದಿಂದ ಪ್ರಯೋಜನವೇನು?

ಇಳುವರಿಯ ಅಂದಾಜು ರೈತನ ಕೈಸೇರುವ ಹಣಕ್ಕೂ ಸಂಬಂಧಿಸಿದ್ದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಒಂದು ಪ್ರದೇಶದ ಇಳುವರಿ ಎಷ್ಟು ಕುಸಿದಿದೆ ಎಂಬುದನ್ನು ಬೆಳೆ ಕಟಾವು ಪ್ರಯೋಗಗಳಿಂದ ಅಳೆಯಲಾಗುತ್ತದೆ. ಚೀಟಿಯ ಕ್ರಮದಿಂದ ಆಯ್ದ ಹೊಲದಲ್ಲಿ ನಿಗದಿತ ಅಳತೆಯ ತುಂಡನ್ನು ಕೊಯ್ದು ತೂಗುವ ಈ ಪದ್ಧತಿಯು ನಮ್ಮ ದೇಶದಲ್ಲಿ ಮಹಾಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆ ಅವರ ಕಾಲದಿಂದ ಬೆಳೆದುಬಂದದ್ದು. ಯೋಜನೆಯ ಮಾರ್ಗಸೂಚಿಯು ಪ್ರಮುಖ ಬೆಳೆಗಳಿಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಪ್ರಯೋಗಗಳನ್ನು ನಿಗದಿಪಡಿಸಿತು. ಮೊಳಕೆಯ ಉದಾಹರಣೆಯನ್ನು ನೆನೆದರೆ, ಈ ಅಂದಾಜಿನ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಲು ನಾಲ್ಕರ ಬದಲು ಹದಿನಾರು ಪ್ರಯೋಗಗಳು ಬೇಕಾಗುತ್ತವೆ ಎಂಬುದು ತಿಳಿಯುತ್ತದೆ. ಅಷ್ಟು ಜನರೂ ಅಷ್ಟು ಸಮಯವೂ ಸುಗ್ಗಿಯ ಕಾಲದಲ್ಲಿ ಎಲ್ಲಿಂದ ಬರಬೇಕು? ಹೊಸ ಮಾಹಿತಿಯ ಮೂಲವನ್ನು ಹುಡುಕುವುದೊಂದೇ ದಾರಿ. 2023ರ ಮುಂಗಾರು ಹಂಗಾಮಿನಿಂದ ಭತ್ತ ಮತ್ತು ಗೋಧಿಯ ಅಂದಾಜಿನಲ್ಲಿ ಉಪಗ್ರಹ ಮಾಹಿತಿಯಂತಹ ತಂತ್ರಜ್ಞಾನಕ್ಕೂ ಸ್ಥಾನ ನೀಡಿದುದರ ಹಿನ್ನೆಲೆ ಇದು.

ವಸ್ತು ವಿಜ್ಞಾನ: 81ರ ಬದಲು 9

ವಿಶಾಖಪಟ್ಟಣವು ಉಕ್ಕಿನ ಊರು; ಅಲ್ಲಿನ ಉಕ್ಕು ಕಾರ್ಖಾನೆಯನ್ನು 1992ರಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಉಕ್ಕಿನ ಗಟ್ಟಿತನವು ಇಂಗಾಲದ ಪ್ರಮಾಣ, ಕಾಯಿಸುವ ಉಷ್ಣತೆ, ಕಾಯಿಸುವ ಅವಧಿ, ತಣಿಸುವ ವೇಗ ಹೀಗೆ ಅನೇಕ ಅಂಶಗಳನ್ನು ಅವಲಂಬಿಸಿದೆ. ಈ ನಾಲ್ಕು ಅಂಶಗಳಿಗೆ ತಲಾ ಮೂರು ಮಟ್ಟಗಳಿದ್ದರೂ ಒಟ್ಟು 81 ಬಗೆಯ ಜೋಡಣೆಗಳಾಗುತ್ತವೆ. ಎಲ್ಲವನ್ನೂ ಪ್ರಯೋಗಿಸಿ ನೋಡುವುದು ಖರ್ಚಿನ ಮಾತು.

ರಾವ್ ಅವರು 1940ರ ದಶಕದಲ್ಲಿ ರೂಪಿಸಿದ ಲಂಬ ಶ್ರೇಣಿಗಳೆಂಬ ಕೋಷ್ಟಕಗಳು ಇದಕ್ಕೆ ಪರಿಹಾರ ಒದಗಿಸುತ್ತವೆ. 81ರ ಪೈಕಿ 9 ಜೋಡಣೆಗಳನ್ನು ಮಾತ್ರ ಆಯ್ದುಕೊಳ್ಳಲಾಗುತ್ತದೆ. ಯಾವುದೇ ಎರಡು ಅಂಶಗಳನ್ನು ತೆಗೆದುಕೊಂಡರೂ, ಅವುಗಳ ಎಲ್ಲ ಒಂಬತ್ತು ಜೋಡಿಗಳೂ ಈ ಪಟ್ಟಿಯಲ್ಲಿ ಒಂದೊಂದು ಬಾರಿ ಬರುತ್ತವೆ. ಆದುದರಿಂದ ಒಂಬತ್ತೇ ಪ್ರಯೋಗಗಳಿಂದ ಪ್ರತಿಯೊಂದು ಅಂಶದ ಮುಖ್ಯ ಪರಿಣಾಮವನ್ನು ಬೇರ್ಪಡಿಸಿ ತಿಳಿಯಬಹುದು. ಒಂದು ಅಂಶವು ಇನ್ನೊಂದರ ಪರಿಣಾಮವನ್ನು ಬದಲಿಸುವಂತಿದ್ದರೆ ಮಾತ್ರ ಹೆಚ್ಚಿನ ಪ್ರಯೋಗಗಳು ಬೇಕಾಗುತ್ತವೆ. 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಭೇಟಿ ನೀಡಿದ ಜಪಾನಿನ ಗೆನಿಚಿ ತಗುಚಿ ಅವರು ಮುಂದೆ ಈ ಕೋಷ್ಟಕಗಳನ್ನು ಕೈಗಾರಿಕೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ತಂದರು.

ಮನೆ ಕಟ್ಟುವವರಿಗೂ ಈ ಶಾಸ್ತ್ರ ಸಂಬಂಧಿಸಿದ್ದು. ಎಂ 20 ದರ್ಜೆಯ ಕಾಂಕ್ರೀಟ್ ಎಂದರೆ, 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಾಳುವಂಥದು. ಪರೀಕ್ಷಿಸಿದ ಮಾದರಿಗಳಲ್ಲಿ ಇದಕ್ಕಿಂತ ಕಡಿಮೆ ಬಲವುಳ್ಳವು ಶೇಕಡ 5ನ್ನು ಮೀರಬಾರದು ಎಂಬುದು ಭಾರತೀಯ ಮಾನಕದ ನಿಯಮ. ಆದುದರಿಂದ ಮಿಶ್ರಣವನ್ನು 20ಕ್ಕೆ ಗುರಿಯಿಟ್ಟು ತಯಾರಿಸಿದರೆ ಸಾಲದು; ಮಾದರಿಗಳ ಬಲದಲ್ಲಿ ಕಂಡುಬರುವ ಏರಿಳಿತಕ್ಕೆ ಅವಕಾಶವಿಟ್ಟು ಸರಾಸರಿ 26.6ಕ್ಕೆ ಗುರಿಯಿಡಬೇಕಾಗುತ್ತದೆ. ಜಲ್ಲಿ, ಮರಳು, ನೀರುಗಳ ಅಳತೆಯಲ್ಲಿಯೂ ನೀರುಣಿಸುವುದರಲ್ಲಿಯೂ ಶಿಸ್ತು ಹೆಚ್ಚಿದಷ್ಟೂ ಏರಿಳಿತ ತಗ್ಗುತ್ತದೆ, ಸಿಮೆಂಟ್ ಉಳಿಯುತ್ತದೆ.

ಅಳತೆ ಸರಿಯಾಗಿದ್ದರೂ ಅದರ ಅರ್ಥ ತಪ್ಪಾಗಬಹುದು ಎಂಬುದಕ್ಕೆ 2023ರ ಒಂದು ಪ್ರಸಂಗ ನಿದರ್ಶನ. ಎಲ್‌ಕೆ-99 ಎಂಬ ಪದಾರ್ಥವು ಸಾಧಾರಣ ಉಷ್ಣತೆಯಲ್ಲಿಯೇ ಅತಿವಾಹಕವಾಗಿದೆಯೆಂದು ಆ ವರ್ಷದ ಜುಲೈನಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಪ್ರಕಟಿಸಿದರು. ಅದು ನಿಜವಾಗಿದ್ದರೆ ವಿದ್ಯುತ್ ಸಾಗಾಣಿಕೆಯ ಸ್ವರೂಪವೇ ಬದಲಾಗುತ್ತಿತ್ತು. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಅನೇಕ ದೇಶಗಳ ಪ್ರಯೋಗಾಲಯಗಳು ಅದೇ ಪದಾರ್ಥವನ್ನು ತಯಾರಿಸಿ ಪರೀಕ್ಷಿಸಿದವು, ಅತಿವಾಹಕತೆ ಕಂಡುಬರಲಿಲ್ಲ. ವಿದ್ಯುತ್ ತಡೆಯಲ್ಲಿ ಕಂಡ ಹಠಾತ್ ಕುಸಿತಕ್ಕೆ ಅದರೊಳಗೆ ಬೆರೆತಿದ್ದ ತಾಮ್ರದ ಸಲ್ಫೈಡ್ ಕಾರಣವೆಂದು ಕೆಲವೇ ವಾರಗಳಲ್ಲಿ ತಿಳಿದುಬಂದಿತು. ಒಂದೇ ಪ್ರಯೋಗಾಲಯದ ಫಲಿತಾಂಶವನ್ನು ಇತರರು ಮಾಡಿ ನೋಡುವವರೆಗೆ ಅದು ಜ್ಞಾನವಾಗುವುದಿಲ್ಲ.

ಭೌತ ವಿಜ್ಞಾನ: ಪ್ರೋಟಾನಿಗಿಂತ ಸೂಕ್ಷ್ಮ

ಅಳತೆಯ ಮಿತಿಯ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ಭೌತ ವಿಜ್ಞಾನದಲ್ಲಿ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯಗಳು ಗುರುತ್ವ ಅಲೆಗಳನ್ನು ಮೊಟ್ಟಮೊದಲ ಬಾರಿಗೆ ಪತ್ತೆಹಚ್ಚಿದವು. ನಾಲ್ಕು ಕಿಲೋಮೀಟರ್ ಉದ್ದದ ಭುಜಗಳ ಅಳತೆಯಲ್ಲಿ ಆದ ಬದಲಾವಣೆ ಒಂದು ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಭಾಗದಷ್ಟೂ ಇರಲಿಲ್ಲ ಎಂದರೆ ಅದರ ಸೂಕ್ಷ್ಮತೆಯನ್ನು ಊಹಿಸಬಹುದು. ಸೂರ್ಯನಿಗಿಂತ ಸುಮಾರು 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳ ಮಿಲನದಿಂದ ಆ ಅಲೆ ಹುಟ್ಟಿತ್ತು. ಇಲ್ಲಿಯೂ ವಿಜ್ಞಾನಿಗಳು ಪ್ರತಿ ಅಂಕಿಯೊಡನೆ ಅದರ ಅನಿಶ್ಚಿತತೆಯನ್ನು ಪ್ರಕಟಿಸಿದರು. ಅಲೆ ಆಕಾಶದ ಯಾವ ದಿಕ್ಕಿನಿಂದ ಬಂದಿತೆಂಬುದನ್ನು ಆಗ ಸುಮಾರು 600 ಚದರ ಡಿಗ್ರಿಗಳಷ್ಟು ವಿಶಾಲವಾದ ಪ್ರದೇಶಕ್ಕಷ್ಟೇ ಸೀಮಿತಗೊಳಿಸಲು ಸಾಧ್ಯವಾಯಿತು. 2017ರಲ್ಲಿ ಇಟಲಿಯ ವರ್ಗೋ ಉಪಕರಣವೂ ಜೊತೆಗೂಡಿದ ಬಳಿಕ ನ್ಯೂಟ್ರಾನ್ ತಾರೆಗಳ ಮಿಲನವೊಂದರ ನೆಲೆಯನ್ನು ಸುಮಾರು 28 ಚದರ ಡಿಗ್ರಿಗಳಷ್ಟು ಕಿರಿದಾದ ಪ್ರದೇಶಕ್ಕೆ ಇಳಿಸಲಾಯಿತು.

ಇನ್ನೊಂದು ವೀಕ್ಷಣಾಲಯವನ್ನು ದೂರದ ಬೇರೆ ಖಂಡದಲ್ಲಿ ಸ್ಥಾಪಿಸಿದರೆ ಈ ನೆಲೆ ಎಷ್ಟು ನಿಖರವಾದೀತು ಎಂಬುದನ್ನು ಮೊದಲೇ ಅಂದಾಜು ಮಾಡಲು ವಿಜ್ಞಾನಿಗಳು ಬಳಸುವ ಮುಖ್ಯ ಸಾಧನಗಳಲ್ಲೊಂದು ಕ್ರಾಮೇರ್-ರಾವ್ ಮಿತಿ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ವೀಕ್ಷಣಾಲಯವನ್ನು ಸುಮಾರು 2,600 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಿರ್ಮಿಸಲು ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿತು.

ಪರಮಾಣುಗಳ ಲೋಕಕ್ಕೂ ಈ ಮಿತಿ ವಿಸ್ತರಿಸಿದೆ. 1960ರ ದಶಕದಲ್ಲಿ ಅಮೆರಿಕದ ಕಾರ್ಲ್ ಹೆಲ್‌ಸ್ಟ್ರಾಮ್ ಅವರು ಅದರ ಕ್ವಾಂಟಮ್ ರೂಪವನ್ನು ನೀಡಿದರು. ಬೀಜದ ಉದಾಹರಣೆಯಲ್ಲಿ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಲು ನಾಲ್ಕರಷ್ಟು ಮಾದರಿಗಳು ಬೇಕಾದವು. ಕಣಗಳನ್ನು ಕ್ವಾಂಟಮ್ ಬಂಧದಲ್ಲಿ ಪರಸ್ಪರ ಬೆಸೆದರೆ, ಆದರ್ಶ ಪರಿಸ್ಥಿತಿಯಲ್ಲಿ ಎರಡರಷ್ಟೇ ಸಾಕಾಗುತ್ತದೆ. ಹೊಸ ಬಗೆಯ ಗಡಿಯಾರಗಳು ಮತ್ತು ಕಾಂತಮಾಪಕಗಳ ಸಂಶೋಧನೆಗೆ ಈ ಸಾಧ್ಯತೆಯೇ ಪ್ರೇರಣೆ. 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಮಂಜೂರಾತಿ ದೊರೆತಿದ್ದು, ಸೂಕ್ಷ್ಮ ಮಾಪನವು ಅದರ ನಾಲ್ಕು ವಿಭಾಗಗಳಲ್ಲಿ ಒಂದಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ವಾಂಟಮ್ ಗಣನೆಯ ಹೊಣೆಯನ್ನು ವಹಿಸಲಾಗಿದೆ. ವಿಜಯವಾಡದ ಸಮೀಪದ ಅಮರಾವತಿಯಲ್ಲಿಯೂ ಕ್ವಾಂಟಮ್ ತಂತ್ರಜ್ಞಾನದ ಕೇಂದ್ರವೊಂದನ್ನು ಸ್ಥಾಪಿಸುವ ಯೋಜನೆಯನ್ನು ಆಂಧ್ರಪ್ರದೇಶ ಸರ್ಕಾರವು 2025ರಲ್ಲಿ ಪ್ರಕಟಿಸಿತು.

ಓದುಗರು ಕೇಳಬೇಕಾದ ಪ್ರಶ್ನೆಗಳು

ವಿಜ್ಞಾನದ ಸುದ್ದಿಯನ್ನು ತೂಗಿ ನೋಡಲು ಗಣಿತದ ಪದವಿ ಬೇಕಾಗಿಲ್ಲ. ಕೆಲವು ಸರಳ ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದರೆ ಸಾಕು.

ಎಷ್ಟು ಜನರಲ್ಲಿ, ಎಷ್ಟು ಹೊಲಗಳಲ್ಲಿ, ಎಷ್ಟು ಮಾದರಿಗಳಲ್ಲಿ ಪರೀಕ್ಷಿಸಲಾಯಿತು? ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ? ಆ ಗುಂಪುಗಳನ್ನು ಚೀಟಿಯ ಮೂಲಕ ಆಯ್ದುಕೊಂಡರೇ, ಇಲ್ಲವೇ ಅನುಕೂಲಕ್ಕೆ ತಕ್ಕಂತೆ ಆರಿಸಿಕೊಂಡರೇ? ಹೇಳಿರುವ ಶೇಕಡಾವಾರು ಅಂಕಿಯ ಅಕ್ಕಪಕ್ಕದ ವ್ಯಾಪ್ತಿ ಎಷ್ಟು, ಅದರ ಕೆಳಗಿನ ಅಂಚು ಸೊನ್ನೆಯನ್ನು ಮುಟ್ಟುತ್ತದೆಯೇ? ಬೇರೆಯವರೂ ಅದೇ ಪ್ರಯೋಗವನ್ನು ಮಾಡಿ ಅದೇ ಫಲಿತಾಂಶ ಕಂಡರೇ?

ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಸುದ್ದಿಯನ್ನು ನಂಬಿ ಔಷಧಿಯನ್ನು ಬದಲಿಸುವುದಾಗಲಿ, ಬೀಜಕ್ಕೆ ಸಾಲ ಮಾಡುವುದಾಗಲಿ ಸಲ್ಲದು. ಉತ್ತರವುಳ್ಳ ಸುದ್ದಿಯನ್ನು, ಅದು ನಮ್ಮ ರೂಢಿಗೆ ವಿರುದ್ಧವಾಗಿದ್ದರೂ, ತಳ್ಳಿಹಾಕುವುದೂ ಸಲ್ಲದು. ತನ್ನ ಅನಿಶ್ಚಿತತೆ ಎಷ್ಟೆಂದು ತಾನೇ ಹೇಳುವ ಅಂಕಿಯು, ಯಾವ ಅನುಮಾನವೂ ಇಲ್ಲವೆಂದು ಸಾರುವ ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು.

ಮಹಾಲನೋಬಿಸ್ ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರವು ಸಂಖ್ಯಾಶಾಸ್ತ್ರ ದಿನವನ್ನಾಗಿ ಆಚರಿಸುತ್ತಿದೆ. ಆ ದಿನ ಶಾಲೆಗಳಲ್ಲಿ ಉಪನ್ಯಾಸದ ಜೊತೆಗೆ ಒಂದು ಚಿಕ್ಕ ಪ್ರಯೋಗವನ್ನೂ ನಡೆಸಬಹುದು. ಊರಿನ ಬೀಜದ ಚೀಲವೊಂದರಿಂದ ನೂರು ಕಾಳುಗಳನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಮಕ್ಕಳಿಂದ ಎಣಿಸಬೇಕು. ಇನ್ನೊಂದು ಗುಂಪು ಅದೇ ಚೀಲದಿಂದ ಬೇರೆ ನೂರು ಕಾಳುಗಳನ್ನು ತೆಗೆದು ಎಣಿಸಬೇಕು. ಎರಡು ಸಂಖ್ಯೆಗಳೂ ಒಂದೇ ಆಗಿರುವುದು ಅಪರೂಪ. ಹಾಗೇಕೆ ಎಂದು ಮಗುವೊಂದು ಕೇಳಿದರೆ, ಸಂಖ್ಯಾಶಾಸ್ತ್ರದ ಮೊದಲ ಪಾಠ ಅಲ್ಲಿಗೆ ಆರಂಭವಾದಂತೆಯೇ.